ಬಾಗಿಲ ಮೇಲಿನ ಕೆಂಪು ನಂಬರು

ಠಾಕುರ್ಲಿ
10 ಆಗಸ್ಟ್ 2025

ಈ ಕಾಗದ ಬಿಚ್ಚಿದವರಿಗೆ,

ಮೊದಲು ನಿಮಗೇ ನಾಲ್ಕು ಮಾತು, ಕುಳಿತು ಓದಿರಿ. ಬೆಳೆದ ಹುಡುಗಿಯೊಬ್ಬಳು ಚೀಲ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತರೆ, ‘ಮನೆಯಲ್ಲಿ ಹೇಳಿ ಬಂದೆಯಾ?’ ಎಂದು ಕೇಳುವ ಪದ್ಧತಿ ನಿಮ್ಮ ಸಮುದ್ರದ ದಂಡೆಯಲ್ಲಿ ಇಲ್ಲವೇನು? ನೀವು ವಾಶಿ ಮಾರ್ಕೆಟ್ಟಿನ ಹಿಂದೆ ಖಾನಾವಳಿ ನಡೆಸುವ ಹರಿಣಾಕ್ಷಿ ಬಾಯಿಯಂತೆ, ಆ ಮಾರ್ಕೆಟ್ಟಿಗೆ ಕೆಲಸಕ್ಕೆ ಬರುವ ನಮ್ಮ ಸೈದಪ್ಪ ಹೇಳಿದ. ಮಾಳಿಗೆಯ ಮೇಲೆ ಹುಡುಗಿಯರಿಗೆ ಖೋಲಿ ಕೊಡುತ್ತೀರಂತೆ, ಅಲ್ಲಿ ಇಂಟರ್‌ನೆಟ್ಟು ನೀರಿನ ಹಾಗೆ ಹರಿಯುತ್ತದಂತೆ. ಹರಿಯಲಿ. ಆದರೆ ವೈರು ತೋರಿಸಿ ಮಂದಿಯ ಮಕ್ಕಳನ್ನು ಇಟ್ಟುಕೊಳ್ಳುವವರಿಗೆ ಅವರ ಮನೆಯ ಬೈಗುಳವನ್ನು ಓದಿ ಹೇಳುವ ಕೆಲಸವೂ ಬರುತ್ತದೆ. ಮಲ್ಲಿಕಾಳಿಗೆ ಕನ್ನಡ ಓದಲು ಬಾರದು. ಇಲ್ಲಿ ಮರಾಠಿ ಶಾಲೆ ಹತ್ತಿರವಿತ್ತು, ಅದಕ್ಕೆ ಹಾಕಿದೆವು. ಆದ್ದರಿಂದ ನೀವೇ ಓದಬೇಕು. ಬರೆದದ್ದನ್ನು ಬರೆದ ಹಾಗೆ ಓದಿರಿ, ನಡುವೆ ಬೆಲ್ಲ ಬೆರೆಸಬೇಡಿರಿ.

ಈಗ ಅವಳಿಗೆ.

ಮಲ್ಲಿಕಾ, ಫೋನಿನಲ್ಲಿ ನೀನು ‘ಹಾಂ, ಹಾಂ’ ಎಂದು ಇಟ್ಟುಬಿಡುತ್ತಿ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂರನೆಯ ಇಯತ್ತೆಯವರೆಗೆ ಊರ ಮಾಸ್ತರನ ಏಟು ತಿಂದದ್ದು ಅರವತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂತು.

ನೀನು ಹೋಗಿ ಇಪ್ಪತ್ತು ದಿನವಾಯಿತು. ನಿನ್ನ ಸಿಟ್ಟು ನನಗೆ ತಿಳಿಯುವುದಿಲ್ಲವೆಂದಲ್ಲ. ಎದುರಿಗಿನ ಇಪ್ಪತ್ತೆರಡು ಮಾಳಿಗೆಯ ಬಿಲ್ಡಿಂಗಿಗೆ ಹೋಗುವ ವೈರು ನಮ್ಮ ತಗಡಿನ ಮೇಲೆಯೇ ಹಾದುಹೋಗುತ್ತದೆ. ಮಳೆಗಾಲದಲ್ಲಿ ಅದರ ಮೇಲಿನ ನೀರು ನಮ್ಮ ಮೇಲೆ, ಒಳಗಿನದು ಅವರಿಗೆ. ಕಂಪನಿಯವರನ್ನು ಕೇಳಿದರೆ, ಚಾಳಿನ ಸಾಲುಮನೆಗಳಿಗೆ ಇಳಿಸುವುದು ಪರವಡುವುದಿಲ್ಲ, ಖರ್ಚು ಹುಟ್ಟುವುದಿಲ್ಲ ಎಂದರು. ನೀನು ಸ್ಟೇಷನ್ನಿನ ಪುಕ್ಕಟೆ ನೆಟ್ಟಿಗಾಗಿ ಅಲ್ಲಿಯ ಪೂಲಿನ, ಆ ಸೇತುವೆಯ, ಮೆಟ್ಟಿಲ ಮೇಲೆ ಕುಳಿತು, ಮಂದಿಯ ಕಾಲು ತಾಗಿಸಿಕೊಳ್ಳುತ್ತ, ಆ ಲ್ಯಾಬಿನ ಕೆಲಸ ಕಲಿಸುವ ಕ್ಲಾಸು ಫೋನಿನಲ್ಲಿ ನೋಡಿದ್ದನ್ನು ನಾನೂ ನೋಡಿದ್ದೇನೆ. ಮೇ ತಿಂಗಳ ಪರೀಕ್ಷೆಯಲ್ಲಿ ಹನ್ನೊಂದು ಪ್ರಶ್ನೆ ಉಳಿದಿದ್ದಾಗ ನೆಟ್ಟು ಹೋಗಿ ಫೋನಿನ ಪಡದೆ ನಿಂತುಹೋದದ್ದೂ ಗೊತ್ತು. ಆ ದಿನ ನೀನು ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ, ಅದು ನಿನಗೆ ಗೊತ್ತಿಲ್ಲ.

ಆಮೇಲೆ ಸರಕಾರದ ಅಗ್ಗದ ನೆಟ್ಟಿನ ಯೋಜನೆ ಬಂತು. ಬಡವರ ಚಾಳಿಗೂ ವೈರು, ಓದುವ ಮಕ್ಕಳಿದ್ದ ಮನೆಗೆ ಅರ್ಧ ದರ. ನೀನು ಇಪ್ಪತ್ತಾರು ಮನೆಯ ಸಹಿ ತೆಗೆದುಕೊಂಡು ಕಲ್ಯಾಣದ ಆಫೀಸಿಗೆ ನಾಲ್ಕು ಸಲ ಹೋದೆ. ಜೂನಿನಲ್ಲಿ ಆ ಸರ್ವೇ ಹುಡುಗ ಯತಿನ್ ಬಂದು ಪ್ರತಿ ಬಾಗಿಲ ಚೌಕಟ್ಟಿನ ಮೇಲೆ ಕೆಂಪು ನಂಬರು ಬರೆದ, ನೀನು ಬಣ್ಣದ ಡಬ್ಬಿ ಹಿಡಿದು ಅವನ ಹಿಂದೆ ತಿರುಗಿದೆ. ನಮ್ಮದು ಹದಿನೇಳು. ಹದಿನೈದು ದಿನ ಬಿಟ್ಟು ತಪಾಸಣೆಯ ಸಾಹೇಬ ಬಂದಾಗ ಒಂದು ಬಾಗಿಲ ಮೇಲೂ ನಂಬರಿಲ್ಲ. ‘ಇಲ್ಲಿ ಸರ್ವೇನೇ ಆಗಿಲ್ಲ’ ಎಂದು ಬರೆದುಕೊಂಡು ಹೋದ. ಜುಲೈಯಲ್ಲಿ ಲಿಸ್ಟು ಬಂತು, ಚಾಳು ಅದರಲ್ಲಿಲ್ಲ.

ಮಳೆಗೆ ತೊಳೆದುಹೋಗುವ ಅಗ್ಗದ ಬಣ್ಣ ಹಚ್ಚಿದನೆಂದು ನೀನು ಆ ಯತಿನನ ಮೇಲೆ ಅರ್ಜಿ ಬರೆದೆ. ಅವನನ್ನು ಕೆಲಸದಿಂದ ತೆಗೆದರು. ಆಮೇಲೆ ನನಗೆ, ‘ಆಯಿ, ಇಸ್ ಘರ್ ಮೇ ಕುಛ್ ನಹೀ ಹೋ ಸಕ್ತಾ’, ಈ ಮನೆಯಲ್ಲಿ ಏನೂ ಆಗುವ ಹಾಗಿಲ್ಲ, ಎಂದು ಚೀಲ ಹೆಗಲಿಗೆ ಹಾಕಿದೆ.

ಮಳೆ ಈ ಸಲ ಬಹಳ ಮಗಳೇ. ಅಷ್ಟೇ ಬರೆಯುತ್ತೇನೆ. ಜೋಳದ ಹಿಟ್ಟು ಸೈದಪ್ಪನ ಕೈಯಲ್ಲಿ ಕಳಿಸಿದ್ದೇನೆ. ಖಾನಾವಳಿಯಲ್ಲಿ ಅನ್ನವೇ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ.

ನಿನ್ನ ಅವ್ವನ ಅವ್ವ,
ಮರೆಮ್ಮ


ವಾಶಿ
2 ಸೆಪ್ಟೆಂಬರ್ 2025

ಪೂಜ್ಯ ಮರೆಮ್ಮನವರಿಗೆ ಹರಿಣಾಕ್ಷಿ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಚೌತಿಯ ಗಡಿಬಿಡಿಯಲ್ಲಿ ಉತ್ತರ ತಡವಾಯಿತು, ಕ್ಷಮಿಸಬೇಕು. ನನಗೆ ಬರೆದ ನಾಲ್ಕು ಮಾತನ್ನೂ ಗಟ್ಟಿಯಾಗಿಯೇ ಓದಿದೆ. ಅಡಿಗೆಮನೆಯಲ್ಲಿದ್ದವರೆಲ್ಲ ನಕ್ಕರು. ಇಪ್ಪತ್ತೆಂಟು ವರ್ಷದಿಂದ ಇಲ್ಲಿ ಗಿರಾಕಿಗಳ ಬಾಯಿ ಕೇಳಿದ್ದೇನೆ, ಇಷ್ಟು ಶುದ್ಧವಾಗಿ ಯಾರೂ ಬೈದಿರಲಿಲ್ಲ. ಮನೆಯಲ್ಲಿ ಹೇಳಿ ಬಂದೆಯಾ ಎಂದು ನಾನು ಕೇಳಿದ್ದೆ. ‘ಹಾಂ’ ಎಂದಳು. ಆ ‘ಹಾಂ’ ಎಂಥದ್ದು ಎಂದು ನಿಮಗೂ ಗೊತ್ತುಂಟು.

ಮಗು ಬೆಳಿಗ್ಗೆ ನನಗೆ ತರಕಾರಿ ಹೆಚ್ಚಿಕೊಡುತ್ತಾಳೆ, ಮಧ್ಯಾಹ್ನದ ಮೇಲೆ ಮಾಳಿಗೆಯಲ್ಲಿ ಓದುತ್ತಾಳೆ. ಕಿವಿಗೆ ವೈರು ಸಿಕ್ಕಿಸಿಕೊಂಡರೆ ಕರೆದರೂ ಕೇಳುವುದಿಲ್ಲ. ಸೆಪ್ಟೆಂಬರಿನಲ್ಲಿ ಮರುಪರೀಕ್ಷೆ ಉಂಟು. ನಿಮ್ಮ ಜೋಳದ ರೊಟ್ಟಿ ತಟ್ಟಲು ಹೋಗಿ ಮೂರು ಹರಿದಳು. ನಾಲ್ಕನೆಯದನ್ನು ನಾವಿಬ್ಬರೂ ಹಂಚಿಕೊಂಡೆವು.

ನೀವು ಊಟ ಬಿಟ್ಟ ಸಾಲು ಬಂದಾಗ ಅವಳು ಕಿಟಕಿಯ ಕಡೆ ತಿರುಗಿದಳು. ಆಮೇಲೆ ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ.

‘ಆಯಿಗೆ ಹೇಳಿ, ನನಗೆ ಸಿಟ್ಟಿಲ್ಲ, ಸಾಕಾಗಿದೆ. ಲಿಸ್ಟಿನ ಮೇಲೆ ತಕರಾರು ಕೊಡಲು ನವೆಂಬರ್ 15ರವರೆಗೆ ಸಮಯವಿದೆ. ನಂಬರು ಯಾಕೆ ಇರಲಿಲ್ಲ ಎಂದು ಸಾಕ್ಷಿಯ ಸಮೇತ ಬರೆದುಕೊಡಬೇಕು. ಅದು ಬಣ್ಣದ ಮೋಸ ಎಂದು ನಾನು ಹೇಳುತ್ತೇನೆ, ಅಸಲಿ ಎಣ್ಣೆಬಣ್ಣ ಎಂದು ಆ ಯತಿನ್ ಹೇಳುತ್ತಾನೆ. ಇಬ್ಬರ ಹತ್ತಿರವೂ ಸಾಕ್ಷಿಯಿಲ್ಲ. ಫೈಲು ಅಲ್ಲಿಯೇ ಕೊಳೆಯುತ್ತದೆ. ವೈರು ಬರುವ ದಿನ ಮನೆಗೆ ಬರುತ್ತೇನೆ. ಅದಕ್ಕೂ ಮೊದಲು ಪೂಲಿನ ಮೆಟ್ಟಿಲಿಗೆ ಹೋಗುವುದಿಲ್ಲ.’

ಅವಳ ಮಾತು ಇಷ್ಟೇ. ನನ್ನದೊಂದು ಮಾತು: ಬೈಯುವುದಿದ್ದರೆ ಇನ್ನೂ ಬರೆಯಿರಿ. ಅವಳು ಕೇಳಿಸಿಕೊಳ್ಳುತ್ತಾಳೆ.

ಇತಿ ನಿಮ್ಮ
ಹರಿಣಾಕ್ಷಿ


ಠಾಕುರ್ಲಿ
21 ಸೆಪ್ಟೆಂಬರ್ 2025

ಮಲ್ಲಿಕಾ,

ರೊಟ್ಟಿಗೆ ಬಿಸಿನೀರು ಹಾಕಿ ಹಿಟ್ಟು ಕಲಸಬೇಕು. ತಣ್ಣೀರಿನಲ್ಲಿ ಕಲಸಿದರೆ ಹರಿಯುತ್ತದೆ. ಇದನ್ನು ಆ ನೆಟ್ಟಿನಲ್ಲಿ ಯಾರೂ ಹೇಳಲಿಲ್ಲವೇ?

ಗುರುವಾರ ಆ ಯತಿನ್ ಬಂದಿದ್ದ. ತಲೆಯ ಮೇಲೆ ಪ್ಲಾಸ್ಟಿಕ್ ಚೀಲ, ಕಾಲಲ್ಲಿ ಹರಿದ ಚಪ್ಪಲಿ. ನಾನು ಒಳಗೆ ಅಕ್ಕಿ ಆರಿಸುತ್ತ ಕುಳಿತಿದ್ದೆ.

‘ಆಜಿ, ಒಂದು ಸಲ ಬಾಗಿಲು ನೋಡಿ ಹೋಗ್ತೀನಿ’ ಎಂದ, ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ. ‘ಇಪ್ಪತ್ತಾರು ಮನೆಗೂ ನಾನೇ ಬರೆದಿದ್ದೆ. ಆಫೀಸಿನವರು, ಚಹಾದಂಗಡಿಯಲ್ಲಿ ಕೂತು ಬರೆದುಕೊಂಡಿ ಅಂತಾರೆ.’

‘ನೋಡಪ್ಪಾ, ಬಾಗಿಲು ನೋಡಾಕ ಯಾರ ಪರವಾನಗಿ ಬೇಕು?’ ಎಂದೆ.

ನಾನು ಚಹಾಕ್ಕೆ ಇಟ್ಟೆ. ಅವನು ನಮ್ಮ ಚೌಕಟ್ಟಿನ ಮುಂದೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಬಂದು ಕುಳಿತು ಚಹಾ ಕುಡಿದ. ಏನು ಕೆಲಸ ಮಾಡುತ್ತೀ ಈಗ ಎಂದು ಕೇಳಿದೆ. ಠಾಣೆ ಊರಿನಲ್ಲಿ ಯಾರದೋ ಗೋಡೌನಿನಲ್ಲಿ ಪೆಟ್ಟಿಗೆ ಎತ್ತುತ್ತಾನಂತೆ. ಹದಿನಾಲ್ಕು ಇಯತ್ತೆ ಓದಿದ್ದಾನೆ. ಹೋಗುವಾಗ, ‘ಮಲ್ಲಿಕಾ ಕಶಿ ಆಹೆ?’ ಎಂದು ಕೇಳಿದ. ನೀನು ಅವನ ಮೇಲೆ ಅರ್ಜಿ ಬರೆದವಳು, ನಿನ್ನ ಕ್ಷೇಮ ಕೇಳುತ್ತಾನೆ.

ಬಾಗಿಲಲ್ಲಿ ಏನು ನೋಡಿದ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಪರೀಕ್ಷೆ ಹೇಗಾಯಿತು ಬರೆಸು. ಇಲ್ಲಿ ನನಗೆ ಮೊಳಕಾಲು ನೋವು. ನಳಕ್ಕೆ ಹೋಗಿ ಬಂದರೆ ಅರ್ಧ ದಿನ ಮುಗಿದ ಹಾಗೆ ಆಗುತ್ತದೆ. ಪಕ್ಕದ ಮನೆಯ ಚಂದ್ರಬಾಯಿಯೇ ಎರಡು ಕೊಡ ನನ್ನ ಪಾಲಿನದನ್ನೂ ತಂದುಕೊಡುತ್ತಾಳೆ. ಒಳ್ಳೆಯ ಹೆಂಗಸು. ಅವಳ ಮಗ ಹತ್ತನೆಯ ಇಯತ್ತೆ, ಈಗ ಅವನೂ ಪೂಲಿನ ಮೆಟ್ಟಿಲಿಗೆ ಹೋಗಿ ಕೂಡುತ್ತಾನೆ, ನೀನು ಕೂಡುತ್ತಿದ್ದಲ್ಲಿಯೇ.

ಮರೆಮ್ಮ


ಠಾಕುರ್ಲಿ
18 ಅಕ್ಟೋಬರ್ 2025

ಹರಿಣಾಕ್ಷಿ, ಇದನ್ನು ಬಾಗಿಲು ಹಾಕಿಕೊಂಡು ಓದು. ಅಡಿಗೆಯವರನ್ನು ಹೊರಗೆ ಕಳಿಸು. ನಡುವೆ ನಿಲ್ಲಬೇಡ. ನಾನೂ ನಡುವೆ ನಿಂತಿದ್ದರೆ ಬರೆಯಲು ಆಗುತ್ತಿರಲಿಲ್ಲ ಎಂದು ತಿಳಿದುಕೊ.

ಮಲ್ಲಿಕಾ,

ನಾಳೆ ನಾಡಿದ್ದು ದೀಪಾವಳಿ. ಚಂದ್ರಬಾಯಿ ಬಂದು, ‘ಆಯಿ, ಈ ಸಲನೂ ನೀನೇ ಎಲ್ಲಾರ ಬಾಗಿಲಿಗಿ ಕೆಮ್ಮಣ್ಣ ಹಚ್ಚತಿ ಏನು? ನಿನ್ನ ಕೈ ಛಲೋ’ ಎಂದಳು. ನನ್ನ ಕೈ ಛಲೋ ಅಂತೆ. ಅವಳು ಹೋದ ಮೇಲೆ ಒಲೆ ಆರಿಸಿ ಕುಳಿತೆ. ಇನ್ನು ನುಂಗಿಕೊಂಡಿರುವುದು ನನ್ನಿಂದ ಆಗುವುದಿಲ್ಲ.

ನಂಬರನ್ನು ಮಳೆ ತೊಳೆಯಲಿಲ್ಲ. ನಾನು ತೊಳೆದೆ.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ. ಆ ಹಬ್ಬಕ್ಕೆ ನಾನು ಹಿರಿಯಳೆಂದು ಸಾಲಿನ ಎಲ್ಲ ಚೌಕಟ್ಟಿಗೂ ಪ್ರತಿವರ್ಷ ಕೆಮ್ಮಣ್ಣು ಹಚ್ಚುವುದು ನಿನಗೆ ಗೊತ್ತೇ ಇದೆ. ಹೆಂಗಸರೆಲ್ಲ ಬಿಲ್ಡಿಂಗಿನ ಕೆಲಸಕ್ಕೆ ಹೋಗಿದ್ದರು, ನೀನು ಕಲ್ಯಾಣದಲ್ಲಿದ್ದೆ. ಮಟಮಟ ಮಧ್ಯಾಹ್ನ. ರೇಷನ್ನಿನಲ್ಲಿ ಚಿಮಣಿ ಎಣ್ಣೆ ಕೊಡುತ್ತಿದ್ದ ಕಾಲದ ಒಂದು ಬಾಟಲಿ ಎತ್ತಿಟ್ಟಿದ್ದೆ. ಹಳೆಯ ಸೀರೆಯ ಚೂರು ಅದ್ದಿ ಒಂದರಿಂದ ಇಪ್ಪತ್ತಾರರವರೆಗೆ ಉಜ್ಜಿದೆ. ಬಣ್ಣ ಇನ್ನೂ ಪೂರಾ ಒಣಗಿರಲಿಲ್ಲ. ಉಳಿದ ಕಲೆಯ ಮೇಲೆ ಕೆಮ್ಮಣ್ಣು ಬಳಿದೆ. ಕೆಂಪಿನ ಮೇಲೆ ಕೆಂಪು, ಯಾರಿಗೂ ಕಾಣಲಿಲ್ಲ. ಸಂಜೆಗೆ ಅಡ್ಡಮಳೆ ಹೊಡೆಯಿತು. ಎಲ್ಲರೂ ಮಳೆಯನ್ನು ಬೈದರು. ನಾನೂ ಬೈದೆ.

ಯಾಕೆ ಎಂದು ಕೇಳುತ್ತಿ. ನಿನಗೆ ಆರು ವರ್ಷ. ಆಗ ನಾವು ಐರೋಲಿಯ ಖಾಡಿಯ, ಸಮುದ್ರದ ಹಿನ್ನೀರಿನ, ದಂಡೆಯಲ್ಲಿದ್ದೆವು. ಇಬ್ಬರು ಬಂದು ಬಾಗಿಲಿಗೆ ಹಳದಿ ನಂಬರು ಬರೆದರು. ನಂಬರು ಬಂದರೆ ಮನೆ ಪಕ್ಕಾ ಆಗುತ್ತದೆ ಎಂದರು. ನಿನ್ನ ಅವ್ವ ಎಲ್ಲರಿಗೂ ಸಕ್ಕರೆ ಹಂಚಿದಳು. ತಿಂಗಳೊಳಗೆ ಬುಲ್ಡೋಜರು ಬಂತು. ಅದು ನಂಬರು ನೋಡುತ್ತ ನೋಡುತ್ತ ಬಂತು, ಪೋಸ್ಟಿನವನ ಹಾಗೆ. ನೀನು ಟ್ರಂಕಿನ ಮೇಲೆ ಕುಳಿತು, ‘ಆಯಿ, ನಮ್ಮ ಬಾಗಿಲು ಎಲ್ಲಿ ಹೋಯ್ತು?’ ಎಂದು ಕೇಳಿದೆ. ಆಮೇಲೆ ನಿನ್ನ ಅವ್ವ ಅಪ್ಪ ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿಗೆ ಹೋಗುವವರಾದರು, ನೀನು ನನ್ನ ಪಾಲಿಗೆ ಬಂದೆ.

ನೀನು ನೆಟ್ಟಿನ ನಂಬರು ಎಂದು ಹೇಳಿದ್ದೆ. ಕೇಳಿಸಿಕೊಂಡಿದ್ದೆ. ಆದರೆ ಸರಕಾರ ನಮ್ಮ ಬಾಗಿಲಿಗೆ ಬಣ್ಣದ ಡಬ್ಬಿ ತಂದರೆ ಅದು ಕೊಡುವುದಕ್ಕೆ ಬಂದಿದೆ ಎಂದು ನಂಬುವ ಜಾಗ ನನ್ನ ಮೈಯಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ಗೋಡೆ ಉಳಿಸುತ್ತಿದ್ದೇನೆ ಎಂದುಕೊಂಡೆ. ನಿನ್ನನ್ನು ಹೊರಗೆ ಹಾಕುತ್ತಿದ್ದೇನೆ ಎಂದು ತಿಳಿಯಲಿಲ್ಲ.

ಲಿಸ್ಟು ಬಂದ ದಿನವೇ ಹೇಳಬೇಕಿತ್ತು. ನೀನು ಅಳುತ್ತಿದ್ದೆ, ಇಪ್ಪತ್ತಾರು ಮನೆಯವರು ಅಂಗಳದಲ್ಲಿ ನಿಂತಿದ್ದರು, ‘ಹಿರೇಮನುಷ್ಯಾಳು, ಮುಂದ ಏನು ಮಾಡೋದು ನೀನೇ ಹೇಳ ಆಯಿ’ ಎಂದರು. ನನ್ನ ಬಾಯಿ ಎಷ್ಟು ಉದ್ದ ಎಂದು ಎಲ್ಲರಿಗೂ ಗೊತ್ತು. ಆ ದಿನ ಅದು ಗೇಣೂ ಇರಲಿಲ್ಲ.

ಯತಿನ್ ಬಂದ ದಿನ ನಮ್ಮ ಚೌಕಟ್ಟನ್ನು ಉಗುರಿನಿಂದ ಕೆರೆದ. ಕೆಮ್ಮಣ್ಣು ಉದುರಿ ಕೆಳಗೆ ಎಣ್ಣೆಬಣ್ಣ ಕಂಡಿತು. ಬೆರಳು ಮೂಸಿ ನೋಡಿದ. ನನ್ನ ಕಡೆ ನೋಡಿದ. ನಾನು ಚಹಾ ಸೋಸುತ್ತಿದ್ದೆ, ಅರ್ಧ ಹೊರಗೆ ಬಿತ್ತು. ಅವನು ಬೆರಳು ಒರೆಸಿಕೊಂಡು ಬಂದು, ‘ಚಹಾ ಛಾನ್ ಆಹೆ ಆಜಿ’ ಎಂದು ಹೊಗಳಿದ. ಸಕ್ಕರೆ ಹಾಕುವುದನ್ನೇ ಮರೆತಿದ್ದೆ.

ಅವನು ಆಫೀಸಿಗೆ ಹೋಗಿ ಹೇಳಬಹುದಿತ್ತು. ತಿಂಗಳಾಯಿತು, ಹೇಳಿಲ್ಲ. ನಾನು ಹೇಳಲಿ ಎಂದು ಕಾಯುತ್ತಿದ್ದಾನೆ.

ನವೆಂಬರ್ 15ಕ್ಕೆ ಇನ್ನು ದಿನ ಎಷ್ಟಿವೆ ನೀನೇ ಎಣಿಸು. ನನ್ನ ಮಾತನ್ನು ಮರಾಠಿಯಲ್ಲಿ ಬರೆದುಕೊಡುವವರು ಬೇಕು. ಚಾಳಿನಲ್ಲಿ ಯಾರನ್ನು ಕೇಳಲಿ? ನೀನೇ ಬರೆಯಬೇಕು. ಬರೆದು ಕಳಿಸು, ಸಹಿ ಮಾಡುತ್ತೇನೆ. ನೀನು ಬರಬೇಕೆಂದು ಹೇಳುತ್ತಿಲ್ಲ.

ಮರೆಮ್ಮ


ವಾಶಿ
3 ನವೆಂಬರ್ 2025

ಪೂಜ್ಯ ಅಜ್ಜಿಯವರಿಗೆ,

ಬಾಗಿಲು ಹಾಕಿಯೇ ಓದಿದೆ.

‘ನಾನು ತೊಳೆದೆ’ ಎಂಬಲ್ಲಿ ಅವಳು ಎದ್ದು ಕೆಳಗೆ ಹೋದಳು. ನಾನು ನಿಲ್ಲಿಸಲಿಲ್ಲ, ನೀವು ಹೇಳಿದ ಹಾಗೆ. ಖಾಲಿ ಖೋಲಿಗೆ ಕೊನೆಯವರೆಗೂ ಓದಿದೆ. ಹಾಗೆ ಓದುವುದು ಎಂಥ ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಕೆಳಗೆ ಹೋಗಿ ನೋಡಿದರೆ ಮರುದಿನಕ್ಕೆ ಬೇಕಾದ ಐದು ಕಿಲೋ ಈರುಳ್ಳಿಯನ್ನು ಅವಳು ಒಬ್ಬಳೇ ಹೆಚ್ಚಿಟ್ಟಿದ್ದಳು. ಈರುಳ್ಳಿ ಒಳ್ಳೆಯದು ಅಜ್ಜಿ, ಯಾರೂ ಏನೂ ಕೇಳಬೇಕಾಗುವುದಿಲ್ಲ.

ನಾಲ್ಕನೆಯ ದಿನ ಪತ್ರ ನನ್ನ ಕೈಗೆ ಕೊಟ್ಟು, ‘ಆಂಟಿ, ಫಿರ್ ಸೆ ಪಢೋ’ ಎಂದು ಇನ್ನೊಮ್ಮೆ ಓದಲು ಹೇಳಿದಳು. ಓದಿದೆ. ಟ್ರಂಕಿನ ಮಾತು ಬಂದಾಗ, ‘ಮುಝೆ ಯಾದ್ ಹೈ’, ನೆನಪಿದೆ, ಎಂದಳು. ಅಷ್ಟೇ. ಇದರಲ್ಲಿ ನಾನು ಬೆಲ್ಲ ಬೆರೆಸಿಲ್ಲ. ಅವಳ ಮುಖ ಮೆತ್ತಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಆದರೆ ಮರಾಠಿಯಲ್ಲಿ ಬರೆದಿದ್ದಾಳೆ, ಎರಡು ಪುಟ. ಯತಿನನ ಮೇಲಿನ ತನ್ನ ಅರ್ಜಿ ತಪ್ಪು ಎಂದು ಬೇರೆ ಒಂದು ಪುಟ. ಇದೇ ತಿಂಗಳ 11ರಂದು ಬೆಳಿಗ್ಗೆ ಹತ್ತೂವರೆಗೆ ಕಲ್ಯಾಣ ಆಫೀಸಿನ ಬಾಗಿಲಲ್ಲಿ ಇರುತ್ತಾಳಂತೆ. ನೀವೂ ಬರಬೇಕಂತೆ, ಸಹಿ ಅಲ್ಲಿಯೇ ಸಾಹೇಬರ ಎದುರು ಆಗಬೇಕಂತೆ.

ಪರೀಕ್ಷೆಯಲ್ಲಿ ಪಾಸಾದಳು. ಹೇಳಲು ಹೇಳಿರಲಿಲ್ಲ, ನಾನೇ ಬರೆದೆ.

ಇತಿ
ಹರಿಣಾಕ್ಷಿ


ಠಾಕುರ್ಲಿ
14 ಡಿಸೆಂಬರ್ 2025

ಮಲ್ಲಿಕಾ,

ಕಲ್ಯಾಣದಿಂದ ಬಂದು ತಿಂಗಳಾಯಿತು. ಆ ದಿನ ನೀನು ನನ್ನ ಜೊತೆ ಆಡಿದ್ದು ಎರಡು ಮಾತು. ‘ಬೈಠೋ’ ಎಂದೆ, ‘ಇಧರ್ ಸೈನ್’ ಎಂದೆ. ಸಾಹೇಬ ಹೆಬ್ಬೆಟ್ಟಿನ ಮಸಿಯ ಡಬ್ಬಿ ಮುಂದೆ ತಳ್ಳಿದಾಗ, ‘ಅವರಿಗೆ ಬರೆಯಲು ಬರುತ್ತದೆ’ ಎಂದು ಮರಾಠಿಯಲ್ಲಿ ಹೇಳಿದೆ. ಅದು ನನಗಲ್ಲ, ಸಾಹೇಬನಿಗೆ ಹೇಳಿದ್ದು. ಆದರೂ ಅದನ್ನು ಮೂರನೆಯದೆಂದು ಎಣಿಸಿಕೊಂಡಿದ್ದೇನೆ. ಆಮೇಲೆ ನೀನು ಠಾಣೆಗೆ ಹೋಗುವ ಫಾಸ್ಟ್ ಲೋಕಲ್ ಹತ್ತಿದೆ, ನಾನು ಸ್ಲೋ ಲೋಕಲ್ಲಿಗೆ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಕುಳಿತೆ. ಎರಡು ಲೋಕಲ್ ಬಿಟ್ಟೆ. ಮೊಳಕಾಲಿನ ಸಲುವಾಗಿ ಎಂದುಕೊ.

ಸಾಹೇಬ ಕೆಟ್ಟವನಲ್ಲ. ದಣಿದವನು. ‘ಆಜಿ, ಇಂಥ ಹನ್ನೆರಡು ಚಾಳು ಅವೆ, ಎಲ್ಲ ಕಡೆ ಯಾರೋ ಒಬ್ಬರು ಒರೆಸಿರತಾರ’ ಎಂದ. ಬೇರೆ ಕಡೆಯೂ ನನ್ನಂಥವರು ಇದ್ದಾರೆ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಂದು ಕೊಡಲು ಬಂದ ನಂಬರು, ಒಂದು ಕೆಡವಲು ಬಂದ ನಂಬರು, ಎರಡನ್ನೂ ಒಂದೇ ಬ್ರಶ್ಶಿನಲ್ಲಿ ಬರೆದರೆ ಮಂದಿ ಏನು ಮಾಡಬೇಕು ಎಂದು ಕೇಳಿದೆ. ಅದನ್ನು ಅವನು ಬರೆದುಕೊಂಡ. ಬರೆದುಕೊಳ್ಳುವುದರಲ್ಲಿ ಸರಕಾರ ಯಾವತ್ತೂ ಹಿಂದೆ ಬಿದ್ದಿಲ್ಲ.

ಚಾಳಿನಲ್ಲಿ ನಾನೇ ಅಂಗಳದಲ್ಲಿ ನಿಂತು ಎಲ್ಲರ ಎದುರು ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಲು ಬರುತ್ತಿತ್ತು. ಚಂದ್ರಬಾಯಿ ಈಗ ನನ್ನ ಕೊಡ ತರುವುದಿಲ್ಲ. ಅವಳ ಮಗನ ಆರು ತಿಂಗಳು ಮೆಟ್ಟಿಲ ಮೇಲೆ ಹೋಯಿತು, ಅದನ್ನು ಯಾವ ಬಾಟಲಿಯಲ್ಲಿ ಎತ್ತಿಟ್ಟು ಕೊಡಲಿ? ಅರ್ಧ ಅರ್ಧ ಕೊಡ ಮಾಡಿ ನಾನೇ ತರುತ್ತೇನೆ.

ಕಳೆದ ಸೋಮವಾರ ಯತಿನ್ ಬಂದ. ಅವನನ್ನು ಮತ್ತೆ ತೆಗೆದುಕೊಂಡಿದ್ದಾರೆ. ಹೋದ ತಿಂಗಳುಗಳ ಪಗಾರ ಕೊಡುವುದಿಲ್ಲವಂತೆ. ನಾನು ಕೈ ಮುಗಿಯಲು ಹೋದರೆ, ‘ಆಜಿ, ಡಬ್ಬಿ ಪಕಡೋ’ ಎಂದು ಬಣ್ಣದ ಡಬ್ಬಿ ಕೈಗೆ ಕೊಟ್ಟ. ನೀನು ಹಿಡಿದಿದ್ದ ಹಾಗೆಯೇ ಹಿಡಿದು ಒಂದರಿಂದ ಇಪ್ಪತ್ತಾರರವರೆಗೆ ಅವನ ಹಿಂದೆ ತಿರುಗಿದೆ. ಹದಿನೇಳಕ್ಕೆ ಬಂದಾಗ ಅವನ ಕೈ ತಡೆದೆ. ಖಾಡಿಯ ದಂಡೆಯ ಆ ಹಳದಿ ನಂಬರು ಕಣ್ಣ ಮುಂದೆ ಬಂತು. ನಂಬಿಕೆ ಬಂದಿದೆ ಎಂದು ನಾನು ಹೇಳುವುದಿಲ್ಲ. ಅವನು ಕಾಯುತ್ತ ನಿಂತ. ಆಮೇಲೆ, ‘ಬರೆ’ ಎಂದೆ. ಬರೆದ. ಈಗ ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಿ ದಾಟುತ್ತೇನೆ, ಮೇಲೆ ನೋಡುವುದಿಲ್ಲ. ಆದರೆ ಚಿಂದಿಯ ಬಟ್ಟೆ ಮುಟ್ಟಿಲ್ಲ. ಬಾಟಲಿಯನ್ನು ಗಟಾರಕ್ಕೆ ಸುರಿದೆ.

ತಪಾಸಣೆಯೂ ಆಯಿತು. ವೈರು ಫೆಬ್ರುವರಿಯಲ್ಲಿ ಇಳಿಯುತ್ತದಂತೆ. ಸರಕಾರದ ಫೆಬ್ರುವರಿ ಯಾವ ತಿಂಗಳು ಬರುತ್ತದೋ ಕಾದು ನೋಡಬೇಕು.

ಈಗ ಮುಖ್ಯ ಮಾತು. ಯತಿನ್ ಮನೆಗೊಂದು ಫಾರ್ಮು ಕೊಟ್ಟು ಹೋಗಿದ್ದಾನೆ. ಮನೆಯ ಯಜಮಾನರು ಎಂಬಲ್ಲಿ ಮರೆಮ್ಮ ಎಂದು ಬರೆದೆ. ಬಾಗಿಲ ನಂಬರು ಹದಿನೇಳು ಎಂದು ಬರೆದೆ. ಕೆಳಗೆ ಒಂದು ಖಾನೆ ಇದೆ, ‘ಈ ಮನೆಯಲ್ಲಿ ವಾಸವಿದ್ದು ಓದುತ್ತಿರುವವರ ಹೆಸರು’. ಅದನ್ನು ತುಂಬಿದರೆ ನಮಗೆ ಅರ್ಧ ದರ. ದರದ ಆಸೆಗೆ ನಿನ್ನ ಹೆಸರು ಬರೆದುಬಿಡಬಹುದಿತ್ತು, ಯಾರೂ ಕೇಳುವುದಿಲ್ಲ. ಯತಿನನೂ, ‘ಲಿಖೋ ನಾ ಆಜಿ’ ಎಂದ. ಆದರೆ ನಿನ್ನನ್ನು ಕೇಳದೆ ನಿನ್ನ ಬಾಗಿಲಿಗೆ ಒಂದು ಸಲ ಕೈ ಹಚ್ಚಿದ್ದೇನೆ. ಇನ್ನೊಮ್ಮೆ ಹಚ್ಚುವುದಿಲ್ಲ. ಆ ಖಾನೆ ಖಾಲಿ ಬಿಟ್ಟಿದ್ದೇನೆ.

ನೀನು ಬೇಡ ಎಂದರೆ ಅಡ್ಡಗೆರೆ ಎಳೆದು ಕೊಡುತ್ತೇನೆ. ವೈರು ಹೇಗೂ ಬರುತ್ತದೆ, ಚಂದ್ರಬಾಯಿಯ ಮಗ ಬಂದು ಕುಳಿತು ಓದಲಿ. ಹೌದು ಎಂದರೆ ಹೆಸರು ಬರೆಯುತ್ತೇನೆ. ಎರಡರಲ್ಲಿ ಒಂದು. ‘ಹಾಂ ಹಾಂ’ ನಡೆಯುವುದಿಲ್ಲ.

ಫಾರ್ಮು 31ಕ್ಕೆ ಹೋಗಬೇಕು. ಸೈದಪ್ಪ ಪ್ರತಿ ಶನಿವಾರ ಮಾರ್ಕೆಟ್ಟಿನಿಂದ ಬರುತ್ತಾನೆ, ಉತ್ತರವನ್ನು ಅವನ ಕೈಯಲ್ಲಿ ಕೊಡು. ಹರಿಣಾಕ್ಷಿ, ಅವಳು ಸುಮ್ಮನೆ ಕುಳಿತರೆ ಈರುಳ್ಳಿ ಕೊಡಬೇಡ, ಪೆನ್ನು ಕೊಡು. ಜನವರಿ ಹುಟ್ಟುವ ಮೊದಲು ನನಗೆ ಉತ್ತರ ಬರಬೇಕು.

ಹದಿನೇಳನೆಯ ನಂಬರಿನ
ಮರೆಮ್ಮ